ಜುಪಿಟರ್-9, ಎಲ್ಮಾರ್, ನಿಕ್ಕೋರ್: ಮಾವನ ಮುಖಕ್ಕೆ ಮೂರು ಹಳೇ ಲೆನ್ಸು, ಮತ್ತೆ 0.2 ಮಿ.ಮೀ. ಹಿತ್ತಾಳೆ

ಮಳೆಗಾಲ ಮುಗಿದ ಮೇಲೆ ಕಪಾಟು ತೆಗೆದು ಟಾರ್ಚ್ ಹಾಕಿ ನೋಡಿದ್ರೆ ನನ್ನ ಜುಪಿಟರ್-9 ಒಳಗೆ ಜೇಡರ ಬಲೆ ಥರ ಬೂಷ್ಟು ಹಬ್ಬಿತ್ತು. ಡೊಂಬಿವ್ಲಿಯಲ್ಲಿ ಜುಲೈ ಆಗಸ್ಟ್ ಅಂದ್ರೆ ಚಪ್ಪಲಿಗೂ ಬೂಷ್ಟು, ಬೆಲ್ಟಿಗೂ ಬೂಷ್ಟು, ಗೋಡೆಯ ಕ್ಯಾಲೆಂಡರಿಗೂ ಬೂಷ್ಟು, ಲೆನ್ಸನ್ನ ಅದು ಬಿಡ್ತದೆ ಅಂತ ನಂಬಿ ಕೂತದ್ದು ನನ್ನ ತಪ್ಪು. ಸಿಲಿಕಾ ಜೆಲ್ ಡಬ್ಬಿಯಲ್ಲಿ ಎಲ್ಮಾರ್ ಇತ್ತು, ಕ್ಯಾಮೆರಾ ಇತ್ತು, ಇದಕ್ಕೆ ಜಾಗ ಸಾಲದೆ ಹೊರಗೆ ಬಟ್ಟೆ ಸುತ್ತಿ ಇಟ್ಟಿದ್ದೆ.

ಬಿಚ್ಚಲೇಬೇಕು ಅಂತಾದ ಮೇಲೆ ಇನ್ನೊಂದು ಹಳೇ ಆಸೆನೂ ಜೊತೆಗೆ ಸೇರಿಸಿಕೊಂಡೆ. ನನ್ನ ಸೋದರಮಾವ ಮಾಟುಂಗದಲ್ಲಿ ಇರೂದು, 1968ರಲ್ಲಿ ಉಡುಪಿ ಕಡೆಯಿಂದ ಬಂದು ಫೋರ್ಟಿನ ಹೋಟೆಲಲ್ಲಿ ಹಗಲು ಕೆಲಸ, ರಾತ್ರಿ ಕನ್ನಡ ಶಾಲೆ, ಹಾಗೆ ಓದಿ ಆಮೇಲೆ ದಾದರಿನ ಒಂದು ಸ್ಟುಡಿಯೋದ ಡಾರ್ಕ್‌ರೂಮ್ ಸೇರಿ ಅಲ್ಲೇ ರಿಟೈರ್ ಆದವರು. ಸ್ಟುಡಿಯೋ ಮುಚ್ಚುವಾಗ ಧಣಿಗಳು ಅವರಿಗೆ ಕೊಟ್ಟ 9 ಸೆಂ.ಮೀ. ಫೋಕಲ್ ಲೆಂತಿನ ಎಲ್ಮಾರ್ ಲೆನ್ಸು ಈಗ ನನ್ನ ಹತ್ರ ಉಂಟು. ಜೀವಮಾನ ಇಡೀ ಬೇರೆಯವರ ಮುಖ ತೊಳೆದು ಪ್ರಿಂಟ್ ಹಾಕಿದ ಮನುಷ್ಯನ ಒಂದು ಒಳ್ಳೆ ಫೋಟೋ ಮನೆಯಲ್ಲಿ ಇಲ್ಲ. ಹಾಗಾಗಿ ಜುಪಿಟರ್ ಸರಿ ಮಾಡೂದು, ಎಲ್ಮಾರ್ ಒರೆಸೂದು, ಪುಣೆಯ ಗೆಳತಿಯ ನಿಕ್ಕೋರ್ 8.5 ಸೆಂ.ಮೀ. ಎರಡು ವಾರಕ್ಕೆ ಕೇಳಿ ತರೂದು, ಮೂರರಲ್ಲೂ ಮಾವನ ಮುಖ ತೆಗೆಯೂದು ಅಂತ ನಿಶ್ಚಯ ಮಾಡಿದೆ.

ಮೂರೂ ಎಂ39 ಸ್ಕ್ರೂ ಮೌಂಟು, ಅಂದ್ರೆ 39 ಮಿ.ಮೀ. ತಿರುಪು ತಿರುಗಿಸಿ ಕ್ಯಾಮೆರಾಕ್ಕೆ ಕೂರಿಸೂದು, ಕ್ಯಾಮೆರಾ ಕ್ಯಾನನ್ ಪಿ, 1959ರ ಮಾಡೆಲ್. ಇದಕ್ಕೆ ಕ್ಯಾನನ್ ಪಿ ಯಾಕೆ ಒಳ್ಳೇದು ಅಂದ್ರೆ ವ್ಯೂಫೈಂಡರಲ್ಲಿ ಎಲ್ಲ ಇದ್ದ ಗಾತ್ರದಲ್ಲೇ ಕಾಣ್ತದೆ, ಎರಡೂ ಕಣ್ಣು ಬಿಟ್ಟುಕೊಂಡು ನೋಡ್ಲಿಕ್ಕೆ ಆಗ್ತದೆ, ರೇಂಜ್‌ಫೈಂಡರಿನ (ಎರಡು ಚಿತ್ರ ಒಂದರ ಮೇಲೊಂದು ಕೂರಿಸಿ ಫೋಕಸ್ ಮಾಡುವ ಸಾಧನ) ಎರಡು ಕಿಟಕಿಯ ನಡುವೆ 41 ಮಿ.ಮೀ. ಅಂತರ ಪೂರ್ತಿ ಉಪಯೋಗಕ್ಕೆ ಬರ್ತದೆ, ಮತ್ತೆ ಮುಖ್ಯವಾಗಿ ಹಿಂದಿನ ಬಾಗಿಲು ಕೀಲಿನ ಮೇಲೆ ಪೂರ್ತಿ ತೆರೆಯುತ್ತದೆ. ಹಳೇ ಸ್ಕ್ರೂ ಲೈಕಾದಲ್ಲಿ ಫಿಲಂ ಅಡಿಯಿಂದ ತುರುಕಬೇಕು, ಅಲ್ಲಿ ಫಿಲಂ ಕೂರುವ ಜಾಗಕ್ಕೆ ಗಾಜು ಇಟ್ಟು ನೋಡುವ ಪರೀಕ್ಷೆ ಮಾಡ್ಲಿಕ್ಕೆ ಆಗೂದಿಲ್ಲ. ವ್ಯೂಫೈಂಡರಿನ ಫ್ರೇಮ್ ಗೆರೆ 35, 50, 100 ಎಂಎಂ ಲೆನ್ಸಿಗೆ ಉಂಟು, ಜುಪಿಟರಿನ 85ಕ್ಕೆ ಬೇರೆ ಗೆರೆ ಇಲ್ಲ. 100ರ ಒಳಗೆ ತಲೆ ಕೂರಿಸಿದ್ರೆ ಸುತ್ತ ಸ್ವಲ್ಪ ಜಾಸ್ತಿ ಬರ್ತದೆ ಅಷ್ಟೇ, ಅದರಿಂದ ಏನೂ ತೊಂದರೆ ಆಗ್ಲಿಲ್ಲ.

ಯಾರಾದ್ರೂ ಇದನ್ನ ಮಾಡುವವರು ಇದ್ರೆ ಮೊದಲು ಕ್ಯಾಮೆರಾ ಸರಿ ಉಂಟಾ ನೋಡಿ, ಆಮೇಲೆ ಲೆನ್ಸಿಗೆ ಕೈ ಹಾಕಿ. ನನ್ನ ಹತ್ರ ಯಾವಾಗಲೂ ಸರಿ ಬರುವ ಕ್ಯಾನನ್ 50 ಎಂಎಂ ಎಫ್/1.8 ಉಂಟು, ಅದನ್ನ ಹಾಕಿ ಟೆರೇಸಿನಿಂದ ದೂರದ ಕಟ್ಟಡದ ಮೊಬೈಲ್ ಟವರ್ ನೋಡಿದೆ, ಇನ್ಫಿನಿಟಿಯಲ್ಲಿ (ಫೋಕಸ್ ರಿಂಗಿನ ಅತಿ ದೂರದ ತುದಿ) ಎರಡು ಚಿತ್ರ ಒಂದಾಗಿ ನಿಂತವು. ಫಿಲಂ ಜಾಗಕ್ಕೆ ಇಟ್ಟ ಗಾಜಿನ ಮೇಲೂ ಚೂಪು. ಹಾಗಾದ್ರೆ ಕ್ಯಾಮೆರಾದ ಮೇಲೆ ಅನುಮಾನ ಬೇಡ.

ಜುಪಿಟರ್ ಮೇಲೆ ನನಗೆ ಎರಡು ವರ್ಷದಿಂದ ಒಂದು ಬೇಜಾರು ಇತ್ತು. ಚೋರ್ ಬಜಾರಿನ ಮಟನ್ ಸ್ಟ್ರೀಟಲ್ಲಿ ತಗೊಂಡದ್ದು, ಸೀರಿಯಲ್ ನಂಬರ್ 63 ಅಂತ ಶುರು, ಅಂದ್ರೆ 1963ರದ್ದು, ಬೆಳ್ಳಿ ಬಣ್ಣದ ಅಲ್ಯೂಮಿನಿಯಂ ಮೈ. ಎಫ್/2ರಲ್ಲಿ, ಅಂದ್ರೆ ಅಪರ್ಚರ್ (ಬೆಳಕು ಬರುವ ತೂತು) ಪೂರ್ತಿ ತೆರೆದು ತೆಗೆದದ್ದೆಲ್ಲ ಮೆತ್ತಗೆ ಮೆತ್ತಗೆ. ಎಲ್ಲರೂ ಹೇಳೂದೂ ಹಾಗೆಯೇ, ರಷ್ಯನ್ ಲೆನ್ಸು, ಎಫ್/2ರಲ್ಲಿ ಸಾಫ್ಟು, ಪೋರ್ಟ್ರೇಟಿಗೆ ಅದೇ ಚಂದ ಅಂತ. ನಾನೂ ಅದನ್ನೇ ನಂಬಿ ಕೂತಿದ್ದೆ. ಆದ್ರೆ ಒಂದು ನೆಗೆಟಿವ್‌ನಲ್ಲಿ ಅಮ್ಮನ ಕಣ್ಣು ಮಂಜು ಮಂಜು, ಕಿವಿಯ ಬೆಂಡೋಲೆಯ ಕಲ್ಲು ಮಾತ್ರ ಒಂದೊಂದೂ ಲೆಕ್ಕ ಹಾಕುವಷ್ಟು ಚೂಪು. ಮೆತ್ತಗಿನ ಲೆನ್ಸ್ ಆದ್ರೆ ಬೆಂಡೋಲೆನೂ ಮೆತ್ತಗೆ ಬರಬೇಕಲ್ಲ?

ಇದರ ಮೂಲ ಗೊತ್ತಿದ್ದವರಿಗೆ ಆ ಅನುಮಾನ ಇನ್ನೂ ಜಾಸ್ತಿ ಆಗ್ತದೆ. ಜುಪಿಟರ್-9 ಅಂದ್ರೆ ಎರಡನೇ ಮಹಾಯುದ್ಧಕ್ಕೆ ಮುಂಚೆ ಜರ್ಮನಿಯ ಝೈಸ್ ಕಂಪನಿ ತನ್ನ ಕಾಂಟ್ಯಾಕ್ಸ್ ಕ್ಯಾಮೆರಾಕ್ಕೆ ಅಂತ ಮಾಡಿದ 8.5 ಸೆಂ.ಮೀ. ಸೊನ್ನಾರ್ ಲೆನ್ಸಿನ ಸಂತಾನ, ಲುಡ್ವಿಗ್ ಬೆರ್ಟೆಲೆಯ ಡಿಸೈನು. ಏಳು ಗಾಜು, ಆದ್ರೆ ಮೂರೇ ಗುಂಪು: ಮುಂದೆ ಒಂಟಿ ಗಾಜು, ನಡುವೆ ಮೂರು ಅಂಟಿಸಿದ್ದು, ಹಿಂದೆ ಮೂರು ಅಂಟಿಸಿದ್ದು. ಆ ಕಾಲಕ್ಕೆ ಗಾಜಿಗೆ ಕೋಟಿಂಗ್ (ಪ್ರತಿಫಲನ ತಡೆಯುವ ತೆಳು ಲೇಪ) ಇರಲಿಲ್ಲ, ಝೈಸಿನ ಅಲೆಕ್ಸಾಂಡರ್ ಸ್ಮಾಕುಲ ಅದನ್ನ ಕಂಡುಹಿಡಿದದ್ದು 1935ರಲ್ಲಿ. ಗಾಜು ಗಾಳಿಗೆ ತಾಗುವ ಒಂದೊಂದು ಮೈಯಲ್ಲೂ ಬೆಳಕು ಪ್ರತಿಫಲಿಸಿ ಒಳಗೆಲ್ಲ ಚೆದುರಿ ಚಿತ್ರ ಬಿಳುಚಿಕೊಳ್ಳುತ್ತಿತ್ತು, ಅದಕ್ಕೇ ಬೆರ್ಟೆಲೆ ಗಾಜುಗಳನ್ನ ಅಂಟಿಸಿ ಅಂಟಿಸಿ ಗಾಳಿ ತಾಗುವ ಮೈ ಆರಕ್ಕೆ ಇಳಿಸಿದ. ಯುದ್ಧ ಮುಗಿದ ಮೇಲೆ ಸೋವಿಯತ್ತಿನವರು ಝೈಸಿನ ಯಂತ್ರ, ನಕ್ಷೆ ಎಲ್ಲ ಪರಿಹಾರದ ಲೆಕ್ಕದಲ್ಲಿ ತಗೊಂಡು ಹೋದ್ರು, ಕಾಂಟ್ಯಾಕ್ಸ್ ಹೋಗಿ ಕೀವ್ ಆಯ್ತು, ಸೊನ್ನಾರ್ ಹೋಗಿ ಜುಪಿಟರ್ ಆಯ್ತು. ಇಂಥ ಮನೆತನದ ಲೆನ್ಸು ಸುಮ್ಮನೆ ಮಂಜಾಗಿ ಬರ್ತದೆ ಅಂದ್ರೆ ಎಲ್ಲೋ ಏನೋ ತಪ್ಪಿದೆ ಅಂತಲೇ ಅರ್ಥ.

ಅಕ್ಟೋಬರ್ ಹೀಟಿನ ಮೊದಲ ಶನಿವಾರ ಬಿಚ್ಚಲಿಕ್ಕೆ ಕೂತೆ. ಸಾಮಾನು ಅಂತ ದೊಡ್ಡದೇನಿಲ್ಲ, ವಾಚ್ ರಿಪೇರಿಯವರ ಸ್ಕ್ರೂಡ್ರೈವರ್ ಸೆಟ್ಟು, ಎರಡು ಮೊನೆಯ ಲೆನ್ಸ್ ಪಾನಾ, ಮುಂದಿನ ರಿಂಗ್ ತಿರುಗಿಸ್ಲಿಕ್ಕೆ ವಾಶ್‌ಬೇಸಿನ್ನಿನ ರಬ್ಬರ್ ಬೂಚು, ಕೆಳಗೆ ಬಿಳಿ ಟವೆಲ್ಲು, ಸ್ಕ್ರೂ ಬಿದ್ರೆ ಕಾಣಬೇಕಲ್ಲ. ಒಂದೊಂದು ಹಂತಕ್ಕೂ ಮೊಬೈಲಲ್ಲಿ ಫೋಟೋ. ಸಣ್ಣ ಸ್ಕ್ರೂಗಳ ತಲೆ ಮೊದಲೇ ಯಾರೋ ಕಿತ್ತು ಕೆಡಿಸಿ ಇಟ್ಟಿದ್ದರು, ಅಂದ್ರೆ ನನಗಿಂತ ಮುಂಚೆ ಒಬ್ಬರಾದ್ರೂ ಒಳಗೆ ಹೋಗಿ ಬಂದಿದ್ದಾರೆ. ಸ್ಕ್ರೂ ಸಡಿಲಾದ ಮೇಲೆ ಗಾಜಿನ ಉಂಡೆ ಪೂರ್ತಿ ಒಂದಾಗಿ ಫೋಕಸ್ ಮೌಂಟಿನಿಂದ ಹೊರಗೆ ಬಂತು. ಬಂದಾಗ ಒಂದು ಕಂಡಿತು, ಉಂಡೆಯ ಭುಜ ಕೂರುವ ಜಾಗದಲ್ಲಿ ಒಂದು ಹೊಳೆಯುವ ತೆಳು ಉಂಗುರದ ಗುರುತು. ಸುತ್ತ ಎಲ್ಲ ಕಪ್ಪಾಗಿ ಮಸುಕಾಗಿ ಉಂಟು, ಆ ಉಂಗುರದಷ್ಟು ಜಾಗ ಮಾತ್ರ ಹೊಸ ಪಾತ್ರೆ ಥರ. ಅಲ್ಲಿ ಏನೋ ಇತ್ತು, ಈಗ ಇಲ್ಲ. ಆಗ ನನಗೆ ಅರ್ಥ ಆಗ್ಲಿಲ್ಲ, ಫೋಟೋ ಮಾತ್ರ ತೆಗೆದು ಇಟ್ಟೆ.

ಬೂಷ್ಟು ಇದ್ದದ್ದು ಅಪರ್ಚರಿನ ಎರಡು ಕಡೆಯ ಗಾಜಿನ ಮೇಲೆ, ನಡುವಿನ ಗುಂಪಿನ ಹಿಂದಿನ ಮೈ, ಕೊನೇ ಗುಂಪಿನ ಮುಂದಿನ ಮೈ. ಮೆಡಿಕಲ್ ಶಾಪಿನ ಹೈಡ್ರೋಜನ್ ಪೆರಾಕ್ಸೈಡ್, ಅಮೋನಿಯ ಸಮಸಮ ಬೆರೆಸಿ, ಕಿಟಕಿ ತೆಗೆದಿಟ್ಟು, ಹತ್ತಿ ಕಡ್ಡಿಯ ತುದಿಗೆ ಒದ್ದೆ ಆಗುವಷ್ಟೇ ತಗೊಂಡು ನಡುವಿನಿಂದ ಅಂಚಿಗೆ ಸುತ್ತುಸುತ್ತಾಗಿ ಒರೆಸೂದು, ಒಂದು ಕಡ್ಡಿ ಒಂದೇ ಸಲ. ಮುಳುಗಿಸ್ಲೇಬಾರದು, ಅಂಟಿಸಿದ ಗಾಜಿನ ಅಂಚಿಗೆ ನೀರು ಇಳಿದ್ರೆ ಅಂಟು ಬಿಡ್ತದೆ, ಆಮೇಲೆ ಅದನ್ನ ಸರಿ ಮಾಡ್ಲಿಕ್ಕೆ ಮನೆಯಲ್ಲಿ ಸಾಧ್ಯ ಇಲ್ಲ. ನಾಲ್ಕು ಸಲ ಒರೆಸಿದ ಮೇಲೆ ಬಲೆ ಹೋಯ್ತು. ಟಾರ್ಚ್ ಓರೆಯಾಗಿ ಹಿಡಿದ್ರೆ ಎರಡು ಕಡೆ ಸಣ್ಣ ಗೀರಿನ ಥರ ಗುರುತು ಉಳಿದಿದೆ, ಬೂಷ್ಟಿನ ಆಮ್ಲ ಕೋಟಿಂಗನ್ನ ತಿಂದ ಜಾಗ ಅದು, ಅದು ಇನ್ನು ಹೋಗೂದಿಲ್ಲ. ಫೋಟೋದಲ್ಲಿ ಕಾಣೂದೂ ಇಲ್ಲ.

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದ್ರೆ ಅಪರ್ಚರ್ ಎಲೆಗಳ ಮೇಲೆ ಎಣ್ಣೆ ಹೊಳೀತಿತ್ತು, ಆ ಎಣ್ಣೆ ಸೆಕೆಗೆ ಆವಿಯಾಗಿ ಮತ್ತೆ ಗಾಜಿನ ಮೇಲೆ ಕೂರ್ತದೆ, ಅದನ್ನೂ ತೊಳೆಯುವ ಅಂತ ವಾಚಿನವರು ಬಳಸುವ ವೈಟ್ ಪೆಟ್ರೋಲ್ ಹಾಕಿ, ಒಣಗಲಿ ಅಂತ ಬ್ಯಾರೆಲ್ಲನ್ನ ತಿರುವಿ ಹಿಡಿದೆ. ಎಲೆಗಳನ್ನ ಒತ್ತಿ ಹಿಡಿಯುವ ರಿಂಗು ಆಗಲೇ ಸಡಿಲ ಆಗಿತ್ತು ಅಂತ ಗೊತ್ತಾದದ್ದು 15 ಎಲೆಗಳೂ ಟವೆಲ್ ಮೇಲೆ ಬಿದ್ದ ಮೇಲೆ. ಹದಿನೈದು! ಸಾಮಾನ್ಯ ಲೆನ್ಸಲ್ಲಿ ಆರೋ ಎಂಟೋ ಇರ್ತದೆ, ಇದರಲ್ಲಿ ಹದಿನೈದು ಇರೂದಕ್ಕೇ ಎಷ್ಟು ಮುಚ್ಚಿದ್ರೂ ತೂತು ದುಂಡಗೇ ಉಳೀತದೆ, ಹಿಂದಿನ ದೀಪಗಳೆಲ್ಲ ಗುಂಡು ಗುಂಡಾಗಿ ಬರ್ತವೆ.

ಮೂರು ಸಂಜೆ ಅದಕ್ಕೇ ಹೋಯ್ತು. ಒಂದೊಂದು ಎಲೆ ಕುಡುಗೋಲಿನ ಆಕಾರ, ಉಗುರಿಗಿಂತ ತೆಳು, ಒಂದು ತುದಿಯಲ್ಲಿ ಕೆಳಮುಖ ಒಂದು ಮೊಳೆ, ಇನ್ನೊಂದು ತುದಿಯಲ್ಲಿ ಮೇಲ್ಮುಖ ಒಂದು ಮೊಳೆ, ಎರಡೂ ಸಾಸಿವೆಗಿಂತ ಸಣ್ಣ. ಕೆಳಗಿನ ಮೊಳೆ ಬ್ಯಾರೆಲ್ಲಿನ ತೂತಿಗೆ, ಮೇಲಿನದ್ದು ತಿರುಗುವ ರಿಂಗಿನ ಸೀಳಿಗೆ. ಹನ್ನೊಂದು ಎಲೆ ತನಕ ಸರಾಗ, ಒಂದರ ಮೇಲೊಂದು ಮಲಗಿಸ್ತಾ ಹೋಗೂದು. ಕೊನೇ ನಾಲ್ಕು ಎಲೆ ಮೊದಲು ಇಟ್ಟ ಎಲೆಗಳ ಅಡಿಗೆ ನುಗ್ಗಬೇಕು, ಅದನ್ನ ಎತ್ತುವಾಗ ಇದು ಜಾರ್ತದೆ, ಇದನ್ನ ಹಿಡಿದ್ರೆ ಅದು ತೂತಿನಿಂದ ಏಳ್ತದೆ. ಫ್ಯಾನ್ ಹಾಕುವ ಹಾಗಿಲ್ಲ, ಎಲೆ ಹಾರಿ ಹೋಗ್ತದೆ, ಬೆವರು ಹಣೆಯಿಂದ ಲೆನ್ಸಿಗೆ ಬೀಳದ ಹಾಗೆ ತಲೆಗೆ ಬೈರಾಸು ಕಟ್ಟಿ ಕೂತೆ. ಎರಡನೇ ಸಂಜೆ ಹದಿನಾಲ್ಕು ಕೂತು ಹದಿನೈದನೇದಕ್ಕೆ ಎಲ್ಲ ಎದ್ದು ಬಂತು. ಮೂರನೇ ಸಂಜೆ ಒಂದು ಉಪಾಯ ಹೊಳೀತು: ಸಿಗರೇಟ್ ಪ್ಯಾಕಿನ ಒಳಗಿನ ತೆಳು ಹಾಳೆಯನ್ನ ನಾಲ್ಕು ಪಟ್ಟಿ ಕತ್ತರಿಸಿ, ಮೊದಲ ನಾಲ್ಕು ಎಲೆಗಳ ಒಳ ತುದಿಯನ್ನ ಆ ಪಟ್ಟಿಯ ಮೇಲೆ ಎತ್ತಿ ನಿಲ್ಲಿಸಿ, ಅಡಿಯ ಸಂದಿನಲ್ಲಿ ಕೊನೇ ನಾಲ್ಕನ್ನ ಚಿಮಟದಲ್ಲಿ ಒಂದೊಂದಾಗಿ ತೂರಿಸಿದೆ, ಆಮೇಲೆ ಪಟ್ಟಿಗಳನ್ನ ಮೆಲ್ಲ ಎಳೆದು ತೆಗೆದೆ. ಕೂತಿತು. ರಿಂಗ್ ಇಟ್ಟು ತಿರುಗಿಸಿದಾಗ ಹದಿನೈದೂ ಒಟ್ಟಿಗೆ ಹೂ ಮುಚ್ಚಿದ ಹಾಗೆ ಮುಚ್ಚಿದ್ದು ನೋಡಿ ರಾತ್ರಿ ಹನ್ನೊಂದೂವರೆಗೆ ಅಮ್ಮನನ್ನ ಎಬ್ಬಿಸಿ ತೋರಿಸಿದೆ.

ಈಗ ಫೋಕಸ್ ಪರೀಕ್ಷೆ. ಗಾಜಿನ ಅಂಗಡಿಯಲ್ಲಿ 34 ಮಿ.ಮೀ. ಅಗಲದ ತುಂಡು ಕೊಯ್ಯಿಸಿ, ಒಂದು ಮೈಗೆ ಕಾರ್ಬೊರಂಡಂ ಪುಡಿ ನೀರು ಹಾಕಿ ಇನ್ನೊಂದು ಗಾಜಿನ ಮೇಲೆ ಅರ್ಧ ಗಂಟೆ ಉಜ್ಜಿದ್ರೆ ಮಸುಕು ಗಾಜು ರೆಡಿ. ಕ್ಯಾಮೆರಾದ ಬಾಗಿಲು ತೆಗೆದು ಒಳಗಿನ ಎರಡು ರೈಲಿನ ಮೇಲೆ, ಫಿಲಂ ಎಲ್ಲಿ ಕೂರ್ತದೋ ಅಲ್ಲೇ, ಮಸುಕು ಮೈ ಲೆನ್ಸಿನ ಕಡೆ ಬರುವ ಹಾಗೆ ಇಟ್ಟು ಟೇಪ್ ಹಾಕಿದೆ. ಶಟರ್ ಬಿ ಮೇಲೆ (ಒತ್ತಿದಷ್ಟು ಹೊತ್ತು ತೆರೆದೇ ಇರ್ತದೆ) ಇಟ್ಟು ಲಾಕ್ ಆಗುವ ಕೇಬಲ್ ರಿಲೀಸ್, ಹಿಂದಿನಿಂದ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್. ಊಟದ ಮೇಜಿನ ಮೇಲೆ ಏಳು ಕಡ್ಡಿಪೆಟ್ಟಿಗೆ, ಒಂದರಿಂದ ಒಂದು 2 ಸೆಂ.ಮೀ. ಹಿಂದೆ ಬರುವ ಹಾಗೆ ಓರೆಯಾಗಿ ನಿಲ್ಲಿಸಿ, ನಡುವಿನ ನಾಲ್ಕನೇದು ಕ್ಯಾಮೆರಾದಿಂದ ಸರಿಯಾಗಿ ಒಂದೂವರೆ ಮೀಟರ್. ರೇಂಜ್‌ಫೈಂಡರಲ್ಲಿ ನಾಲ್ಕನೇದಕ್ಕೆ ಫೋಕಸ್ ಮಾಡಿ ಲೂಪ್ ಇಟ್ಟು ನೋಡ್ತೇನೆ, ಚೂಪಾಗಿ ಕಾಣೂದು ಆರನೇದು ಏಳನೇದರ ನಡುವೆ. ಅಂದ್ರೆ ಫೋಕಸ್ 5 ಸೆಂ.ಮೀ. ಹಿಂದೆ ಬೀಳ್ತಾ ಉಂಟು. ಕಣ್ಣಿಗೆ ಇಟ್ಟದ್ದು ಕಿವಿಗೆ ಹೋಗೂದು ಹೀಗೆ. ಅಮ್ಮನ ಬೆಂಡೋಲೆ!

85 ಎಂಎಂ ಎಫ್/2, ಒಂದೂವರೆ ಮೀಟರ್ ದೂರ, ಅಲ್ಲಿ ಚೂಪು ಇರುವ ಆಳ ಒಟ್ಟು ಮೂರೂಮುಕ್ಕಾಲು ಸೆಂ.ಮೀ. ಸುತ್ತಮುತ್ತ, ಹಿಂದೆ ಮುಂದೆ ಎರಡೂ ಸೇರಿ. 5 ಸೆಂ.ಮೀ. ತಪ್ಪಿದ್ರೆ ಕಣ್ಣು ಪೂರ್ತಿ ಹೊರಗೆ. ಇದನ್ನೇ ನಾವು ಇಷ್ಟು ದಿನ ಸಾಫ್ಟು, ಡ್ರೀಮಿ, ವಿಂಟೇಜ್ ಲುಕ್ಕು ಅಂತ ಕರೆದದ್ದು. ನನಗೆ ನಿಜವಾಗಿಯೂ ಬೇಸರ ಆಯ್ತು, ಲೆನ್ಸಿನ ಮೇಲೆ ಅಲ್ಲ, ಪರೀಕ್ಷೆ ಮಾಡದೆ ಅದಕ್ಕೆ ಹೆಸರು ಇಟ್ಟದ್ದಕ್ಕೆ. ಹಳೇ ಲೆನ್ಸುಗಳನ್ನ ಹೋಲಿಸಿ ಇದು ಚೂಪು ಅದು ಮೆತ್ತಗೆ ಅಂತ ಹೇಳುವ ಮುಂಚೆ ಅದು ನಮ್ಮ ನಮ್ಮ ಕ್ಯಾಮೆರಾದ ಮೇಲೆ ಹೇಳಿದ ಜಾಗಕ್ಕೆ ಫೋಕಸ್ ಮಾಡ್ತದಾ ಅಂತ ನೋಡ್ಲೇಬೇಕು, ರೇಂಜ್‌ಫೈಂಡರಲ್ಲಿ ಅಂತೂ ಖಂಡಿತ, ಯಾಕಂದ್ರೆ ಇಲ್ಲಿ ಲೆನ್ಸ್ ಏನು ನೋಡ್ತಾ ಉಂಟು ಅಂತ ನಮಗೆ ಕಾಣೂದೇ ಇಲ್ಲ. ಲೆನ್ಸ್ ಎಷ್ಟು ಸರಿಯಿತು ಅಂತ ರೇಂಜ್‌ಫೈಂಡರಿಗೆ ತಿಳಿಸುವ ಕ್ಯಾಮೆರಾದ ಒಳಗಿನ ಕೈ 50 ಎಂಎಂ ಲೆನ್ಸಿನ ಓಟಕ್ಕೆ ತಕ್ಕ ಹಾಗೆ ಮಾಡಿದ್ದು. 1.2 ಮೀಟರಿಗೆ ಬರುವಾಗ 50 ಎಂಎಂ ಲೆನ್ಸ್ ಮುಂದೆ ಸರಿಯೂದು ಎರಡು ಚಿಲ್ಲರೆ ಮಿ.ಮೀ., 85 ಸರಿಯೂದು ಸುಮಾರು 7 ಮಿ.ಮೀ. ಹಾಗಾಗಿ ಗಾಜು ಒಂದು ವೇಗದಲ್ಲಿ, ಕ್ಯಾಮೆರಾದ ಕೈಯನ್ನ ತಳ್ಳುವ ಹಿಂದಿನ ಕೊಳವೆ ಇನ್ನೊಂದು ವೇಗದಲ್ಲಿ ಹೋಗಬೇಕು. ಇಷ್ಟೆಲ್ಲ ನಂಬಿಕೆಯ ಮೇಲೆ ನಡೆಯೂದು.

ಹಾಗಾದ್ರೆ ತಪ್ಪಿದ್ದು ಆ ವೇಗವಾ, ಅಲ್ಲ ಗಾಜು ಕೂತ ಜಾಗವಾ? ಟೆರೇಸಿಗೆ ಹೋಗಿ ಇನ್ಫಿನಿಟಿ ನೋಡಿದೆ. ರಿಂಗ್ ಕೊನೇ ತನಕ ತಿರುಗಿಸಿದ್ರೆ ಟವರ್ ಮಸುಕು, ರಿಂಗನ್ನ ಸ್ವಲ್ಪ ಈಚೆಗೆ ಎಳೆದ್ರೆ ಚೂಪು. ಅಂದ್ರೆ ದೂರದಲ್ಲೂ ಹತ್ತಿರದಲ್ಲೂ ಒಂದೇ ಥರದ ತಪ್ಪು, ಗಾಜಿನ ಉಂಡೆ ಪೂರ್ತಿ ಫಿಲಮ್ಮಿಗೆ ಹತ್ತಿರ ಕೂತಿದೆ. ಆಗ ನೆನಪಾಯ್ತು ಆ ಹೊಳೆಯುವ ಉಂಗುರದ ಗುರುತು. ಅಲ್ಲಿ ಶಿಮ್ ಇತ್ತು! ಕಾರ್ಖಾನೆಯಲ್ಲಿ ಒಂದೊಂದು ಲೆನ್ಸಿಗೂ ನೋಡಿ ನೋಡಿ ತೆಳು ಉಂಗುರ ಹಾಕಿ ಗಾಜಿನ ದೂರ ಕೂಡಿಸ್ತಿದ್ರು, ಹಿಂದೆ ಬಿಚ್ಚಿದವರು ಯಾರೋ ಅದನ್ನ ಕಳೆದಿದ್ದಾರೆ, ಅಥವಾ ಬೇಡ ಅಂತ ಬಿಟ್ಟಿದ್ದಾರೆ.

ಎಷ್ಟು ದಪ್ಪದ್ದು ಬೇಕು ಅಂತ ಲೆಕ್ಕ ಹಾಕಿದೆ. ಒಂದೂವರೆ ಮೀಟರಲ್ಲಿ 85 ಎಂಎಂ ಲೆನ್ಸು ವಸ್ತುವನ್ನ ಸುಮಾರು 0.06 ಪಾಲು ಮಾಡಿ ಫಿಲಂ ಮೇಲೆ ಹಾಕ್ತದೆ. ಆಳದ ದಿಕ್ಕಿಗೆ ಅದರ ವರ್ಗ, ಅಂದ್ರೆ 0.0036. ಲೆನ್ಸ್ 0.1 ಮಿ.ಮೀ. ಸರಿದ್ರೆ ಆಚೆ ಫೋಕಸ್ ಸರಿಯೂದು 2.8 ಸೆಂ.ಮೀ. ನನಗೆ 5 ಸೆಂ.ಮೀ. ಮುಂದೆ ಬರಬೇಕು, ಹಾಗಾದ್ರೆ 0.18, ಹೇಳುವ 0.2 ಮಿ.ಮೀ. ಮೊದಲು ಕೋಲ್ಡ್‌ಡ್ರಿಂಕ್ ಕ್ಯಾನಿನ ತಗಡು ಪಟ್ಟಿ ಎರಡು ಪದರ ಇಟ್ಟು ನೋಡಿದೆ, ಒಂದು ಪದರ 0.1ರ ಹತ್ರ ಹತ್ರ ಬರ್ತದೆ. ಟವರ್ ಚೂಪು, ನಾಲ್ಕನೇ ಕಡ್ಡಿಪೆಟ್ಟಿಗೆನೂ ಚೂಪು. ಆದ್ರೆ ಪಟ್ಟಿ ಸಮ ಕೂರೂದಿಲ್ಲ, ಲೆನ್ಸ್ ಒಂದು ಬದಿಗೆ ವಾಲಿದ್ರೆ ಚಿತ್ರದ ಒಂದು ಅಂಚು ಹೋಗ್ತದೆ. ಮರುದಿನ ಆಫೀಸಿನಿಂದ ಬರುವಾಗ ಮಸ್ಜಿದ್ ಬಂದರ್ ಇಳಿದು ನಾಗದೇವಿ ಸ್ಟ್ರೀಟಲ್ಲಿ ಹಿತ್ತಾಳೆ ಶಿಮ್ ತಗಡು 0.1ರದ್ದು ತಂದೆ. ಕೈವಾರದಲ್ಲಿ ಎರಡು ವೃತ್ತ ಗೀಚಿ, ಮೊದಲು ಒಳಗಿನದ್ದು ಬ್ಲೇಡಲ್ಲಿ, ಆಮೇಲೆ ಹೊರಗಿನದ್ದು ಸಣ್ಣ ಕತ್ತರಿಯಲ್ಲಿ ಕತ್ತರಿಸಿ, ಗಾಜಿನ ಮೇಲೆ ಮಲಗಿಸಿ 1000 ನಂಬರಿನ ಪಾಲಿಶ್ ಪೇಪರಲ್ಲಿ ಅಂಚಿನ ಉಬ್ಬು ತಿಕ್ಕಿದೆ. ಅದನ್ನ ತಿಕ್ಕದಿದ್ರೆ 0.1 ಅಂದದ್ದು 0.15 ಆಗಿ ಕೂರ್ತದೆ. ಅಂಥದ್ದು ಎರಡು ಉಂಗುರ.

ಇಲ್ಲಿಗೆ ಮುಗಿಯಿತು ಅಂದುಕೊಂಡೆ, ಎಫ್/2.8ಕ್ಕೆ ತಿರುಗಿಸಿ ನೋಡಿದ್ರೆ ಚೂಪು ಮತ್ತೆ ಹಿಂದೆ ಸರಿದಿದೆ! ನಾಲ್ಕನೇ ಪೆಟ್ಟಿಗೆ ಚೂಪಿನ ಮುಂದಿನ ಅಂಚಲ್ಲಿ ಉಂಟು, ಐದನೇದು ಅದಕ್ಕಿಂತ ಚೂಪು. ಇದು ಸೊನ್ನಾರಿನ ಹುಟ್ಟುಗುಣ. ಗಾಜಿನ ಅಂಚಿನಿಂದ ಬರುವ ಬೆಳಕೂ ನಡುವಿನಿಂದ ಬರುವ ಬೆಳಕೂ ಒಂದೇ ಜಾಗದಲ್ಲಿ ಸೇರೂದಿಲ್ಲ, ಅಪರ್ಚರ್ ಮುಚ್ಚಿದಾಗ ಅಂಚಿನ ಬೆಳಕು ಕಟ್ ಆಗಿ ಫೋಕಸ್ ಹಿಂದೆ ಜಾರ್ತದೆ. ಎಫ್/4 ದಾಟಿದ ಮೇಲೆ ಆಳ ಜಾಸ್ತಿ ಆಗಿ ಅದು ಮುಚ್ಚಿ ಹೋಗ್ತದೆ. ಅದೇ ಅಂಚಿನ ಬೆಳಕಿನಿಂದ ಎಫ್/2ರಲ್ಲಿ ಚೂಪಾದ ಕಣ್ಣಿನ ಸುತ್ತಲೂ ಒಂದು ತೆಳು ಪ್ರಭೆ ಬರೂದು, ಹಿಂದಿನದ್ದೆಲ್ಲ ಬೆಣ್ಣೆ ಕರಗಿದ ಹಾಗೆ ಆಗೂದು, ಹಾಗಾಗಿ ಇದನ್ನ ದೋಷ ಅಂತ ನಾನು ಬರೆಯೂದಿಲ್ಲ. ಆದ್ರೆ ಯಾವ ಸ್ಟಾಪಿಗೆ (ಅಪರ್ಚರ್ ಅಂಕಿಗೆ) ಸರಿ ಮಾಡೂದು ಅಂತ ನಿರ್ಧಾರ ನಾವೇ ಮಾಡಬೇಕು. ಶಿಮ್ ಇನ್ನೂ ಸ್ವಲ್ಪ ದಪ್ಪ ಹಾಕಿದ್ರೆ 2.8ಕ್ಕೆ ಸರಿ, ಎಫ್/2ಕ್ಕೆ ತಪ್ಪು. ಮುಂಬೈಯ ಫ್ಲಾಟಿನ ಒಳಗೆ ಎಷ್ಟು ಬೆಳಕು ಇರ್ತದೆ ಅಂತ ಗೊತ್ತುಂಟಲ್ಲ, ನಾನು ಎಫ್/2ಕ್ಕೇ ಬಿಟ್ಟೆ.

ಎಲ್ಮಾರ್ ಕಥೆ ಚಿಕ್ಕದು. ಯುದ್ಧಕ್ಕೆ ಮುಂಚಿನದ್ದು, ಕೋಟಿಂಗ್ ಇಲ್ಲ, ನಾಲ್ಕು ಗಾಜು ಮೂರು ಗುಂಪು, ಅಪರ್ಚರಿನ ಅಂಕಿ 6.3, 9, 12.5 ಅಂತ ಹಳೇ ಯುರೋಪಿನ ಲೆಕ್ಕ, ಮೀಟರ್ ನೋಡಿ ಅಂದಾಜಲ್ಲಿ ಇಡಬೇಕು. ಒಳಗೆ ಹೊಗೆ ಕೂತ ಹಾಗೆ ಮಸುಕು ಇತ್ತು, ಬೂಷ್ಟು ಅಲ್ಲ. ಐಸೊಪ್ರೊಪೈಲ್ ಆಲ್ಕೋಹಾಲಲ್ಲಿ ಎರಡು ಸಲ ಒರೆಸಿದ್ದೇ, ಹೋಯ್ತು. ಫೋಕಸ್ ಪರೀಕ್ಷೆಯಲ್ಲಿ ನಾಲ್ಕನೇ ಪೆಟ್ಟಿಗೆ ಮೊದಲ ಸಲಕ್ಕೇ ಚೂಪು. ಅದನ್ನ ಬಿಚ್ಚಿದವರು ಯಾರೂ ಇಲ್ಲ ಅಂತ ಸ್ಕ್ರೂ ನೋಡಿದ್ರೇ ಗೊತ್ತಾಗ್ತದೆ. ನಿಕ್ಕೋರನ್ನ ನಾನು ಮುಟ್ಟಲಿಲ್ಲ, ಕೇಳಿ ತಂದದ್ದು, ಪರೀಕ್ಷೆ ಮಾತ್ರ ಮಾಡಿದೆ, ಅದೂ ಸರಿ. ಹಿತ್ತಾಳೆಯ ಮೇಲೆ ಕ್ರೋಮ್, ಕೈಗೆ ಕಲ್ಲುಗುಂಡಿನ ಹಾಗೆ ಭಾರ. ಇದೂ ಸೊನ್ನಾರ್ ಜಾತಿಯದ್ದೇ, ಆದ್ರೆ ಐದೇ ಗಾಜು. 1950ರಲ್ಲಿ ಜಪಾನಿನ ಫೋಟೋಗ್ರಾಫರ್ ಜುನ್ ಮಿಕಿ ಈ 8.5 ಸೆಂ.ಮೀ. ಎಫ್/2ರಲ್ಲೇ ಲೈಫ್ ಪತ್ರಿಕೆಯ ಡೇವಿಡ್ ಡಗ್ಲಸ್ ಡಂಕನ್ ಅವರ ಫೋಟೋ ತೆಗೆದು ದೊಡ್ಡ ಪ್ರಿಂಟ್ ತೋರಿಸಿದ್ರು, ಅದನ್ನ ನೋಡಿ ಡಂಕನ್ ನಿಕ್ಕೋರ್ ಹಿಡಿದು ಕೊರಿಯಾ ಯುದ್ಧಕ್ಕೆ ಹೋದ್ರು, ಅಲ್ಲಿಂದ ಜಪಾನಿನ ಲೆನ್ಸಿಗೆ ಅಮೆರಿಕದಲ್ಲಿ ಹೆಸರು ಬಂದದ್ದು. ನೋಡಿ, ಮೂರರಲ್ಲೂ ಗುಂಪು ಮೂರೇ, ಗಾಳಿ ತಾಗುವ ಮೈ ಆರೇ. ಗಾಜಿನ ಲೆಕ್ಕ ಮಾತ್ರ ನಾಲ್ಕು, ಐದು, ಏಳು.

ಭಾನುವಾರ ಬೆಳಿಗ್ಗೆ ಮಾಟುಂಗಕ್ಕೆ ಹೋದೆ. ಬೋರಾ ಬಜಾರಿನಿಂದ ತಂದ ಇಲ್ಫರ್ಡ್ ಎಚ್‌ಪಿ5 ಕಪ್ಪುಬಿಳುಪು ಫಿಲಂ ಎರಡು ರೋಲು. ಮಾವ ಇಸ್ತ್ರಿ ಅಂಗಿ ಹಾಕಿ ಬಾಲ್ಕನಿಯ ಬಾಗಿಲ ಹತ್ರ ಕುರ್ಚಿಯಲ್ಲಿ ಕೂತು ರೆಡಿ, ಬೆಳಕು ಎಡಗಡೆಯಿಂದ ಬರಬೇಕು ಅಂತ ಅವರೇ ನೋಡಿ ಕುರ್ಚಿ ಹಾಕಿದ್ದು. ನಾನು ಶಿಮ್ಮು, ಕಡ್ಡಿಪೆಟ್ಟಿಗೆ ಎಲ್ಲ ವಿವರಿಸಿ, 2.8ರಲ್ಲಿ ಫೋಕಸ್ ಜಾರ್ತದೆ ಮಾವ, ಎಂತ ಮಾಡೂದು ಅಂತ ಕೇಳಿದ್ರೆ ಅವರು, "ಎಂತಕ್ಕೆ ತಲೆಬಿಸಿ ಮಾರಾಯ್ತಿ, ಎಷ್ಟು ಹಿಂದೆ ಜಾರ್ತದೆ ಹೇಳು" ಅಂದ್ರು. ಒಂದೂವರೆ ಎರಡು ಸೆಂ.ಮೀ. ಅಂದೆ. "ಹಾಗಾದ್ರೆ ನನ್ನ ಕನ್ನಡಕದ ಫ್ರೇಮಿಗೆ ಇಡು, ಕಣ್ಣಿಗೆ ಬಂದು ಕೂರ್ತದೆ." ಅಷ್ಟೇ! ಕನ್ನಡಕ ಕಣ್ಣಿನ ಮುಂದೆ ಅಷ್ಟೇ ದೂರದಲ್ಲಿ ಉಂಟು, ಮತ್ತೆ ರೇಂಜ್‌ಫೈಂಡರಿಗೆ ಕಣ್ಣಿನ ಕಪ್ಪಿಗಿಂತ ಫ್ರೇಮಿನ ಗೆರೆ ಹೊಂದಿಸೂದು ಎಷ್ಟೋ ಸುಲಭ. ನಾನು ಮೂರು ದಿನ ಲೂಪ್ ಇಟ್ಟು ತಲೆ ಕೆಡಿಸಿಕೊಂಡದ್ದನ್ನ ಅವರು ಕುರ್ಚಿ ಬಿಟ್ಟು ಏಳದೆ ಬಗೆಹರಿಸಿದ್ರು.

ಡೆವಲಪ್ ಮನೆಯಲ್ಲೇ, ಡಿ-76 ಡೆವಲಪರ್ ಒಂದು ಪಾಲಿಗೆ ಒಂದು ಪಾಲು ನೀರು, 20 ಡಿಗ್ರಿ, 13 ನಿಮಿಷ. ನಲ್ಲಿ ನೀರು 29 ಡಿಗ್ರಿ ಇತ್ತು, ಟಬ್ಬಿಗೆ ಐಸ್ ಹಾಕಿ ಇಳಿಸಬೇಕಾಯ್ತು.

ಈಗ ಮೂರೂ ಪಕ್ಕಪಕ್ಕ ಇಟ್ಟು ನೋಡ್ತಾ ಇದ್ದೇನೆ. ನಿಕ್ಕೋರ್ ಎಫ್/2ರಲ್ಲೇ ಹುಬ್ಬಿನ ಕೂದಲು ಒಂದೊಂದೂ ತೋರಿಸ್ತದೆ, ಕಾಂಟ್ರಾಸ್ಟ್ ಗಟ್ಟಿ, ನೆರಳು ಬೇಗ ಕಪ್ಪಾಗ್ತದೆ, ಮಾವನ ಕೆನ್ನೆಯ ಗುಳಿ ಇದ್ದದ್ದಕ್ಕಿಂತ ಆಳ ಕಾಣ್ತದೆ. ಪತ್ರಿಕೆಗೆ ಇದು ಸರಿ. ಎಲ್ಮಾರಿಗೆ ಎಫ್/4, ಆಳ ಆರೂವರೆ ಸೆಂ.ಮೀ. ಸಿಗ್ತದೆ, ಕಣ್ಣಿನಿಂದ ಕಿವಿಯ ಹತ್ರದ ತನಕ ಎಲ್ಲ ಉಂಟು, ಕೋಟಿಂಗ್ ಇಲ್ಲದ್ದರಿಂದ ನೆರಳಿನ ಒಳಗೂ ಸ್ವಲ್ಪ ಬೆಳಕು ಚೆಲ್ಲಿ ಸುಕ್ಕುಗಳೆಲ್ಲ ಮೃದು. ಆದ್ರೆ ಬಾಗಿಲು ಹಿಂದೆ ಬಂದ ಎರಡು ಫ್ರೇಮ್ ಪೂರ್ತಿ ಬಿಳುಚಿ ಹೋದವು, ಹುಡ್ ಇಲ್ಲದೆ ಇದನ್ನ ಹೊರಗೆ ತೆಗೀಬಾರದು.

ಜುಪಿಟರಿನ ಹನ್ನೊಂದನೇ ಫ್ರೇಮ್ ಎಫ್/2.8, ಕನ್ನಡಕಕ್ಕೆ ಫೋಕಸ್ ಮಾಡಿದ್ದು. ಕಣ್ಣಿನ ಒಳಗೆ ಬಾಲ್ಕನಿಯ ಸರಳುಗಳು ಎಣಿಸಬಹುದು, ಕಿವಿ ಆಗಲೇ ಕರಗ್ಲಿಕ್ಕೆ ಶುರು, ಹಿಂದೆ ದೇವರ ಕೋಣೆಯ ದೀಪದ ಸರ ದುಂಡು ದುಂಡಾಗಿ ತೇಲ್ತಾ ಉಂಟು. ಎರಡು ವರ್ಷ ನಾನು ಮೆತ್ತಗೆ ಅಂತ ಬದಿಗಿಟ್ಟ ಲೆನ್ಸು ಇದೇ. ನನಗೆ ಕೇಳಿದ್ರೆ ಮೂರರಲ್ಲಿ ಮಾವನ ಮುಖಕ್ಕೆ ಇದೇ. ಮಾವ ಪ್ರಿಂಟನ್ನ ಕಿಟಕಿಯ ಹತ್ರ ತಗೊಂಡು ಹೋಗಿ, ಕನ್ನಡಕ ತೆಗೆದು, ಮೂಗಿಗೆ ತಾಗುವಷ್ಟು ಹತ್ರ ಹಿಡಿದು ತುಂಬಾ ಹೊತ್ತು ನೋಡಿದ್ರು, ಆಮೇಲೆ "ನೆರಳಲ್ಲಿ ಇನ್ನು ಸ್ವಲ್ಪ ಡಾಡ್ಜ್ ಮಾಡಬಹುದಿತ್ತು" ಅಂದ್ರು, ಅಂದ್ರೆ ಪ್ರಿಂಟ್ ಹಾಕುವಾಗ ಆ ಜಾಗಕ್ಕೆ ಬೆಳಕು ತಡೆದು ಕಪ್ಪು ಕಡಿಮೆ ಮಾಡೂದು. ಮುಂದಿನ ವಾರ ಇನ್ನೊಂದು ಪ್ರಿಂಟ್ ಹಾಕ್ಲಿಕ್ಕೆ ಉಂಟು, ಈ ಸಲ ಅವರೂ ಡೊಂಬಿವ್ಲಿಗೆ ಬರ್ತಾರಂತೆ.

ನಿಕ್ಕೋರ್ ಪುಣೆಗೆ ವಾಪಸ್ ಹೋಯ್ತು. ಜುಪಿಟರಿಗೆ ಈಗ ಗಾಳಿಯಾಡದ ಡಬ್ಬಿ, ಒಳಗೆ ತೇವದ ಮೀಟರು, 45 ಪರ್ಸೆಂಟಿನ ಆಚೀಚೆ ನಿಲ್ಲಿಸಿದ್ದೇನೆ. ಅದರ ಹಿಂದಿನ ಕ್ಯಾಪಿನ ಒಳಗೆ ಪೆನ್ಸಿಲಲ್ಲಿ ಬರೆದ ಒಂದು ಚೀಟಿ ಅಂಟಿಸಿದ್ದೇನೆ, ಇನ್ನೊಂದು ಕಾಲಕ್ಕೆ ಇನ್ಯಾರೋ ಬಿಚ್ಚುವಾಗ ಅವರಿಗೆ ಸಿಗಲಿ ಅಂತ: ಶಿಮ್ 0.1 ಎರಡು ಉಂಗುರ, ಕಳೆಯಬೇಡಿ. ಎಫ್/2ಕ್ಕೆ ಸರಿ ಉಂಟು. 2.8ಕ್ಕೆ ಕನ್ನಡಕದ ಫ್ರೇಮಿಗೆ ಇಡಿ.